ಗಂಡು ಮರಿ ತರೋಣವಾ? ವಿದ್ಯಾನಗರದ ಓದುಗರೊಬ್ಬರಿಗೆ ಪಶುವೈದ್ಯರ ಉತ್ತರ

ಪ್ರಶ್ನೆ: ಡಾಕ್ಟ್ರೇ, ನಮ್ಮದು ದಾವಣಗೆರೆ ವಿದ್ಯಾನಗರದಲ್ಲಿ ಕಾಂಪೌಂಡ್ ಇರುವ ಸ್ವಂತ ಮನೆ. ನಾನು, ನಮ್ಮ ಮನೆಯವರು, ಅತ್ತೆ, 9 ವರ್ಷದ ಮಗಳು ಇದ್ದೇವೆ. ನಾಯಿ ಬೇಕೆಂದು ಮಗಳದ್ದು ಬಹಳ ದಿನದ ಹಟ. ಈಗ ಎಲ್ಲರೂ ಒಪ್ಪಿದ್ದಾರೆ, ಆದರೆ ಗಂಡೋ ಹೆಣ್ಣೋ ಅನ್ನುವಲ್ಲಿ ಮಾತು ನಿಂತಿದೆ. "ಗಂಡೇ ಇರಲಿ, ಹೆಣ್ಣಾದರೆ ಬೀದಿ ನಾಯಿಗಳೆಲ್ಲ ಗೇಟಿನ ಮುಂದೆ ಸೇರುತ್ತವೆ, ಮರಿ ಹಾಕಿದರೆ ಯಾರಿಗೆ ಕೊಡೋದು" ಎಂದು ನಮ್ಮ ಮನೆಯವರು. ಅತ್ತೆಗೆ ಗಂಡು ಬೇಡವೇ ಬೇಡ. ಪಕ್ಕದ ಮನೆಯ ಗಂಡು ಲ್ಯಾಬ್ (ಲ್ಯಾಬ್ರಡಾರ್ ನಾಯಿ) ಸಿಕ್ಕಸಿಕ್ಕಲ್ಲಿ ಕಾಲೆತ್ತುತ್ತದೆ, ನಮ್ಮ ತುಳಸಿ ಕಟ್ಟೆಗೂ ಹಾಗೇ ಮಾಡಿದರೆ ಏನು ಗತಿ ಅಂತಾರೆ. ಜಗಳೂರಿನ ಹತ್ತಿರ ನನ್ನ ತಮ್ಮನ ಹೊಲದಲ್ಲಿ ನಾಟಿ ನಾಯಿ ಐದು ಮರಿ ಹಾಕಿದೆ. ಅದರಲ್ಲಿ ಒಂದು ಗಂಡು ಎಲ್ಲಕ್ಕಿಂತ ದೊಡ್ಡದು, ಉಳಿದವನ್ನು ತಳ್ಳಿ ಮುಂದೆ ಬರುತ್ತದೆ. "ಇಪ್ಪತ್ತು ಉಗುರಿನ ನಾಯಿ ಅಕ್ಕಾ, ಇದನ್ನೇ ಇಟ್ಕೋ" ಎನ್ನುತ್ತಾನೆ. ಇನ್ನೊಬ್ಬರು 35 ದಿನದ ಲ್ಯಾಬ್ ಗಂಡು ಮರಿಯ ಫೋಟೊ ಕಳಿಸಿದ್ದಾರೆ, ಈ ವಾರವೇ ಒಯ್ಯಿರಿ ಅಂತ. ಗಂಡು ನಾಯಿ ದೊಡ್ಡದಾದ ಮೇಲೆ ಕಚ್ಚುತ್ತದಾ? ಮನೆ ಬಿಟ್ಟು ಓಡುತ್ತದಾ? ಸಂತಾನಹರಣದ ಆಪರೇಷನ್ ಮಾಡಿಸಿದರೆ ಮಂಕಾಗುತ್ತದೆ ಅಂತಲೂ ಕೇಳಿದ್ದೇನೆ, ಒಮ್ಮೆಯಾದರೂ ಕ್ರಾಸಿಂಗ್ ಮಾಡಿಸದಿದ್ದರೆ ಹುಚ್ಚು ಹಿಡಿಯುತ್ತದೆ ಅಂತಲೂ ಕೇಳಿದ್ದೇನೆ. ಯಾವುದನ್ನು ನಂಬಲಿ?

ಉತ್ತರ: ನಿಮ್ಮ ಮನೆಯಲ್ಲಿ ಯಾರ ಭಯವೂ ಸುಳ್ಳಲ್ಲ. ನಿಮ್ಮ ಮನೆಯವರು ಹೇಳಿದಂತೆ ಹೆಣ್ಣು ನಾಯಿ ಬೆದೆಗೆ ಬಂದಾಗ ಗೇಟಿನ ಮುಂದೆ ಗುಂಪು ಸೇರುವುದು ನಿಜ. ಅತ್ತೆಯವರು ಕಂಡಂತೆ ಗಂಡು ನಾಯಿ ಕಾಲೆತ್ತುವುದೂ ನಿಜ. ಆದರೆ ಈ ಕೆಲಸದಲ್ಲಿ ಇಷ್ಟು ಕಾಲ ಇದ್ದು ನಾನು ಕಂಡುಕೊಂಡದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಗಂಡು ನಾಯಿಯ ಮೇಲೆ ಹೊರಿಸುವ ದೂರುಗಳಲ್ಲಿ ಬಹುಪಾಲು ಗಂಡೆನ್ನುವ ಕಾರಣಕ್ಕೆ ಬರುವಂಥವಲ್ಲ, ಬಿಟ್ಟು ಸಾಕುವುದರಿಂದ ಬರುವಂಥವು. ಬೆಳಗ್ಗೆ ಗೇಟು ತೆಗೆದು ಬಿಟ್ಟರೆ ಅದೇ ಒಂದು ಸುತ್ತು ಹಾಕಿಕೊಂಡು ಬರುತ್ತದೆ ಎನ್ನುವ ರೂಢಿ ನಮ್ಮ ಊರಲ್ಲಿ ಜಾಸ್ತಿ. ಓಡಿಹೋಗುವುದು, ಜಗಳ, ಗಾಯ, ಕಾಯಿಲೆ, ಅಕ್ಕಪಕ್ಕದವರ ಮುನಿಸು, ಎಲ್ಲ ಶುರುವಾಗುವುದು ಆ ಗೇಟಿನಿಂದ. ಗೇಟು ಹಾಕಿಟ್ಟುಕೊಳ್ಳುತ್ತೇವೆ, ದಿನಕ್ಕೆರಡು ಸಲ ಬೆಲ್ಟ್ ಹಾಕಿ ನಾವೇ ಹೊರಗೆ ಕರೆದುಕೊಂಡು ಹೋಗುತ್ತೇವೆ ಅನ್ನುವ ಮನೆಗೆ ಗಂಡು ಮರಿ ಧಾರಾಳವಾಗಿ ಹೊಂದುತ್ತದೆ. ಅದು ಆಗದ ಮಾತು ಅನ್ನುವುದಾದರೆ ಹೆಣ್ಣು ತಂದರೂ ಸಮಸ್ಯೆ ತಪ್ಪಿದ್ದಲ್ಲ.

ಈಗ ಅತ್ತೆಯವರ ಮಾತಿಗೆ ಬರೋಣ. ನಿಮ್ಮ ಮನೆಯಲ್ಲಿ ನಾಯಿ ಉಳಿಯುವುದೂ ಹೋಗುವುದೂ ಇದರ ಮೇಲೇ ನಿಂತಿದೆ ಅಂತ ನನ್ನ ಅಂದಾಜು.

ಗಂಡು ಮರಿ ಹುಟ್ಟಿದಾಗಿನಿಂದ ಕಾಲೆತ್ತುವುದಿಲ್ಲ. ಮೊದಲ ತಿಂಗಳುಗಳಲ್ಲಿ ಗಂಡು ಹೆಣ್ಣು ಎರಡೂ ಕುಕ್ಕರಿಸಿಯೇ ಉಚ್ಚೆ ಹೊಯ್ಯುತ್ತವೆ. ಸುಮಾರು 6ನೇ ತಿಂಗಳಿಂದ ಒಂದು ವರ್ಷದೊಳಗೆ, ಹರೆಯ ಬಂದಂತೆಲ್ಲ, ಗಂಡು ಕಾಲೆತ್ತಲು ಕಲಿಯುತ್ತದೆ. ಇಲ್ಲಿ ಒಂದು ವ್ಯತ್ಯಾಸ ಗಮನಿಸಿ. ತುಂಬಿಕೊಂಡ ಉಚ್ಚೆಯನ್ನು ನಾಯಿ ಒಂದೇ ಕಡೆ ನಿಂತು ಪೂರ್ತಿ ಹೊಯ್ಯುತ್ತದೆ. ಗುರುತು ಹಾಕುವಾಗ ಹಾಗಲ್ಲ. ಕಂಬ, ಸ್ಕೂಟರ್ ಚಕ್ರ, ಗೋಡೆ ಮೂಲೆ, ಹೂಕುಂಡ ಹೀಗೆ ನೆಟ್ಟಗೆ ನಿಂತಿರುವುದನ್ನು ಹುಡುಕಿ, ಮೂಸಿ, ನಾಲ್ಕು ಹನಿ ಬಿಟ್ಟು ಮುಂದೆ ಹೋಗುತ್ತದೆ. ಇನ್ನೊಂದು ನಾಯಿ ಅಲ್ಲಿ ಹೊಯ್ದು ಹೋಗಿದ್ದರೆ ಅದರ ಮೇಲೆ ತನ್ನದನ್ನೂ ಸೇರಿಸಲೇಬೇಕು. ಇದು ಸೊಕ್ಕಲ್ಲ, ಕೊಳಕು ಬುದ್ಧಿಯೂ ಅಲ್ಲ. ಇಲ್ಲಿ ನಾನಿದ್ದೇನೆ, ಇಷ್ಟು ಹೊತ್ತಿಗೆ ಬಂದಿದ್ದೆ ಎಂದು ನಾಯಿ ನಾಯಿಗೆ ಹೇಳುವ ರೀತಿ ಅದು. ಹೆಣ್ಣು ನಾಯಿಗಳೂ ಸ್ವಲ್ಪ ಮಟ್ಟಿಗೆ ಇದನ್ನು ಮಾಡುತ್ತವೆ.

ತುಳಸಿ ಕಟ್ಟೆ ಅಂಗಳದ ನಡುವೆ ಎದ್ದು ನಿಂತಿರುತ್ತದೆ, ನೀರು ಹಾಕಿ ಯಾವಾಗಲೂ ತೇವ ಇರುತ್ತದೆ. ಹಾಗಾಗಿ ನಾಯಿಗೆ ಅದು ಹೇಳಿ ಮಾಡಿಸಿದ ಜಾಗ. ಸುಮ್ನೆ ಬಿಟ್ಟರೆ ಖಂಡಿತ ಅಲ್ಲಿಗೇ ಹೋಗುತ್ತದೆ. ಆದ್ದರಿಂದ ಮರಿ ಮನೆಗೆ ಬರುವ ಮೊದಲೇ ಕಟ್ಟೆಯ ಸುತ್ತ ಎರಡಡಿ ಬಿಟ್ಟು ಸೊಂಟದೆತ್ತರದ ಜಾಲರಿ ಹಾಕಿಸಿ, ಚಿಕ್ಕದೊಂದು ಬಾಗಿಲು ಇಡಿಸಿ. ಅತ್ತೆ ಪೂಜೆ ಮಾಡಿ ಪ್ರದಕ್ಷಿಣೆ ಹಾಕುವಷ್ಟು ಜಾಗ ಒಳಗೆ ಇರಲಿ. ಮರಿಗೆ ಮೊದಲ ವರ್ಷ ಆ ಕಟ್ಟೆ ಸಿಗಲೇಬಾರದು. ಯಾಕೆಂದರೆ ಒಮ್ಮೆ ಹೊಯ್ದ ಜಾಗಕ್ಕೆ ಮತ್ತೆ ಮತ್ತೆ ಹೋಗುವುದು ನಾಯಿಯ ಸ್ವಭಾವ. ಅಂಗಳದ ಇನ್ನೊಂದು ಮೂಲೆಯಲ್ಲಿ, ಹಿತ್ತಲ ಕಡೆಯಾದರೆ ಇನ್ನೂ ಒಳ್ಳೆಯದು, ಒಂದು ಬುಟ್ಟಿ ಮರಳು ಸುರಿದು ಒಂದು ಮರದ ತುಂಡು ನೆಡಿ. ನಿದ್ದೆಯಿಂದ ಎದ್ದ ಕೂಡಲೇ, ಊಟ ಮುಗಿದ ಕೂಡಲೇ, ಆಟ ಆಡಿದ ಮೇಲೆ ಮರಿಯನ್ನು ಎತ್ತಿಕೊಂಡು ಹೋಗಿ ಅಲ್ಲೇ ಬಿಡಿ. ಹೊಯ್ದ ತಕ್ಷಣ ಹೊಗಳಿ ಒಂದು ಚೂರು ತಿಂಡಿ ಕೊಡಿ. ಮನೆಯೊಳಗೆ ತಪ್ಪು ಮಾಡಿದರೆ ಮೂತಿ ಹಿಡಿದು ಉಚ್ಚೆಗೆ ತಿಕ್ಕುವ ಪದ್ಧತಿ ಇದೆಯಲ್ಲ, ಅದನ್ನು ದಯವಿಟ್ಟು ಮಾಡಬೇಡಿ. ಮರಿ ಅದರಿಂದ ಕಲಿಯುವುದು ಒಂದೇ, ಇವರ ಕಣ್ಣೆದುರು ಹೊಯ್ಯಬಾರದು ಅಂತ. ಆಮೇಲೆ ಸೋಫಾ ಹಿಂದೆ, ಮಂಚದ ಕೆಳಗೆ ಹೋಗಿ ಹೊಯ್ಯುತ್ತದೆ. ಇನ್ನು ಫಿನಾಯಿಲ್ ಹಾಕಿ ಒರೆಸಿದರೆ ನಮ್ಮ ಮೂಗಿಗೆ ವಾಸನೆ ಹೋಗುತ್ತದೆ, ನಾಯಿಯ ಮೂಗಿಗೆ ಹೋಗುವುದಿಲ್ಲ. ಮೊದಲು ಸೋಪಿನ ಪುಡಿ ನೀರಲ್ಲಿ ತೊಳೆದು, ಆಮೇಲೆ ವಿನೆಗರ್ ಬೆರೆಸಿದ ನೀರಲ್ಲಿ ಒರೆಸಿ.

ಪಕ್ಕದ ಮನೆಯ ಲ್ಯಾಬ್ ಬಗ್ಗೆ ನಾನು ತೀರ್ಪು ಕೊಡಲಾರೆ. ಆದರೆ ಒಂಟಿಯಾಗಿ ಬೀದಿಗೆ ಬಿಟ್ಟ, ಆಪರೇಷನ್ ಆಗದ ಗಂಡು ನಾಯಿ ನಿಮ್ಮ ಅತ್ತೆ ಹೇಳಿದ ಹಾಗೇ ನಡೆದುಕೊಳ್ಳುತ್ತದೆ. ಬೆಲ್ಟಿನಲ್ಲಿ ಹೋಗುವ ನಾಯಿ ಎಲ್ಲಿ ಕಾಲೆತ್ತಬೇಕೆಂಬುದು ನಿಮ್ಮ ಕೈಯಲ್ಲಿರುತ್ತದೆ. ಯಾರದೋ ಗೇಟಿನ ಮುಂದೆ ಮೂಸಲು ನಿಂತರೆ ಮೆಲ್ಲಗೆ ಎಳೆದು ಮುಂದೆ ಹೋಗಿ, ಖಾಲಿ ಸೈಟಿನ ಬಳಿ ನಿಲ್ಲಿಸಿ. ಹತ್ತು ದಿನದಲ್ಲಿ ಅದಕ್ಕೇ ದಾರಿ ರೂಢಿಯಾಗುತ್ತದೆ.

ಮನೆ ಬಿಟ್ಟು ಓಡುತ್ತದಾ ಎಂದು ಕೇಳಿದ್ದೀರಿ. ಆಪರೇಷನ್ ಆಗದ ಗಂಡು, ಅವಕಾಶ ಸಿಕ್ಕರೆ, ಓಡುತ್ತದೆ. ಬೆದೆಗೆ ಬಂದ ಹೆಣ್ಣು ನಾಯಿಯ ವಾಸನೆ ನಾಲ್ಕು ಬೀದಿ ಆಚೆಯಿಂದಲೂ ಅದಕ್ಕೆ ತಿಳಿಯುತ್ತದೆ. ಆ ದಿನಗಳಲ್ಲಿ ಅನ್ನ ಬಿಡುತ್ತದೆ, ರಾತ್ರಿಯಿಡೀ ಕುಂಯ್‌ಗುಡುತ್ತದೆ, ಗೇಟಿನ ಕೆಳಗೆ ಕೆರೆಯುತ್ತದೆ. ನಮ್ಮ ಬೀದಿ ನಾಯಿಗಳಲ್ಲಿ ಮಳೆಗಾಲ ಮುಗಿಯುವ ಹೊತ್ತಿನಿಂದ ಚಳಿ ಶುರುವಾಗುವವರೆಗೆ ಬೆದೆ ಹೆಚ್ಚು. ಆ ತಿಂಗಳುಗಳಲ್ಲಿ ನನ್ನ ಟೇಬಲ್ ಮೇಲೆ ಬರುವ ಗಂಡು ನಾಯಿಗಳ ಕಥೆ ಒಂದೇ ಥರ. ಮೂರು ದಿನ ಮನೆಗೆ ಬಂದಿರಲಿಲ್ಲ ಡಾಕ್ಟ್ರೇ, ಇವತ್ತು ಹೀಗೆ ಬಂತು ಅನ್ನುತ್ತಾರೆ. ಕಿವಿ ಹರಿದಿರುತ್ತದೆ, ಕತ್ತಿನ ಗಾಯದಲ್ಲಿ ಹುಳ ಬಿದ್ದಿರುತ್ತದೆ, ಇಲ್ಲವೇ ಬೈಪಾಸಿನಲ್ಲಿ ಗಾಡಿಗೆ ಸಿಕ್ಕು ಸೊಂಟ ಮುರಿದಿರುತ್ತದೆ. ಆ ಮನೆಯ ಮಕ್ಕಳ ಮುಖ ನೋಡಲು ಆಗುವುದಿಲ್ಲ.

ಇದರ ಜೊತೆಗೆ ಜನರಿಗೆ ಅಷ್ಟಾಗಿ ಗೊತ್ತಿಲ್ಲದ ಒಂದು ಕಾಯಿಲೆ ಇದೆ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾಯಿಗಳಲ್ಲಿ ಕೂಡುವಾಗ ಒಂದರಿಂದ ಒಂದಕ್ಕೆ ಅಂಟುವ ಒಂದು ಬಗೆಯ ಗೆಡ್ಡೆ ಇದೆ. ನಾವು ಅದನ್ನು ಟಿವಿಟಿ ಎನ್ನುತ್ತೇವೆ. ಇದನ್ನು ಹರಡುವುದು ವೈರಸ್ ಅಲ್ಲ, ಬ್ಯಾಕ್ಟೀರಿಯಾ ಅಲ್ಲ. ಗೆಡ್ಡೆಯ ಜೀವಕೋಶಗಳೇ ನೇರವಾಗಿ ಇನ್ನೊಂದು ನಾಯಿಯ ಮೈಗೆ ಅಂಟಿ ಬೆಳೆಯುತ್ತವೆ. ಬೀದಿ ನಾಯಿ ಜಾಸ್ತಿ ಇರುವ ನಮ್ಮಂಥ ಊರುಗಳಲ್ಲಿ ಇದು ಅಪರೂಪವೇನಲ್ಲ. ಗಂಡು ನಾಯಿಯಲ್ಲಿ ಮೊದಲು ಕಾಣುವುದು ಶಿಶ್ನದ ತುದಿಯಿಂದ ತೊಟ್ಟಿಕ್ಕುವ ರಕ್ತ. ಮನೆಯವರು ಉಷ್ಣ ಆಗಿರಬೇಕೆಂದು ಮಜ್ಜಿಗೆ, ಎಳನೀರು ಕುಡಿಸುತ್ತಾ ಕೂರುತ್ತಾರೆ. ತಿಂಗಳು ಕಳೆದು ಬರುವಾಗ ಹೂಕೋಸಿನಂತೆ ಗಡ್ಡೆ ಬೆಳೆದಿರುತ್ತದೆ. ಸಮಾಧಾನದ ವಿಷಯ ಏನೆಂದರೆ ವಿನ್‌ಕ್ರಿಸ್ಟಿನ್ ಎಂಬ ಇಂಜೆಕ್ಷನ್ ವಾರಕ್ಕೊಂದರಂತೆ ಕೆಲವು ವಾರ ಕೊಟ್ಟರೆ ಬಹುತೇಕ ನಾಯಿಗಳು ಪೂರ್ತಿ ಗುಣವಾಗುತ್ತವೆ. ಗೇಟಿನೊಳಗೆ ಇರುವ ನಾಯಿಗೆ ಇದು ಬರುವ ಸಂಭವವೇ ಬಹಳ ಕಡಿಮೆ.

ಹಾಗಂತ ಗಂಡು ನಾಯಿಯ ತುದಿಯಲ್ಲಿ ಏನು ಕಂಡರೂ ಹೆದರಬೇಡಿ. ಹರೆಯದ ಗಂಡಿನಲ್ಲಿ ಆಗಾಗ ಹಳದಿ ಬಣ್ಣದ ಒಂದೆರಡು ಹನಿ ಕೀವಿನಂಥದ್ದು ಕಾಣುವುದು ಸಾಮಾನ್ಯ. ರಕ್ತ ಇದ್ದರೆ, ವಾಸನೆ ಬಂದರೆ, ಸದಾ ನೆಕ್ಕುತ್ತಲೇ ಇದ್ದರೆ ಮಾತ್ರ ತೋರಿಸಿ.

ಕಚ್ಚುವ ಪ್ರಶ್ನೆ. ಗಂಡು ಎನ್ನುವ ಒಂದೇ ಕಾರಣಕ್ಕೆ ನಾಯಿ ಮನೆಯವರನ್ನು ಕಚ್ಚುವುದಿಲ್ಲ. ಆಪರೇಷನ್ ಆಗದ ಗಂಡು ಇನ್ನೊಂದು ಗಂಡು ನಾಯಿಯ ಜೊತೆ ಜಗಳಕ್ಕೆ ಬೀಳುವುದು ಹೆಚ್ಚು, ಅದು ನಿಜ. ಆದರೆ ಮನುಷ್ಯರನ್ನು ಕಚ್ಚುವುದರ ಹಿಂದೆ ನಾನು ಹೆಚ್ಚಾಗಿ ಕಾಣುವುದು ಹೆದರಿಕೆ. ಮರಿಯಿದ್ದಾಗ ಹೊರಗಿನ ಜನರನ್ನೇ ನೋಡದೆ ಬೆಳೆದದ್ದು, ಹಗಲಿಡೀ ಗಿಡ್ಡ ಸರಪಳಿಯಲ್ಲಿ ಕಟ್ಟಿಹಾಕಿದ್ದು, ಹೊಡೆದು ಬೆಳೆಸಿದ್ದು, ಉಣ್ಣುವಾಗ ತಟ್ಟೆ ಎಳೆದು ರೇಗಿಸಿದ್ದು, ಕಿವಿಯಲ್ಲೋ ಸೊಂಟದಲ್ಲೋ ನೋವಿದ್ದರೂ ಯಾರೂ ಗಮನಿಸದೆ ಇದ್ದದ್ದು. ಇಂಥ ನಾಯಿ ಗಂಡಾದರೂ ಕಚ್ಚುತ್ತದೆ, ಹೆಣ್ಣಾದರೂ ಕಚ್ಚುತ್ತದೆ. ಕಾವಲಿನ ವಿಷಯವೂ ಹೀಗೇ. ಹೆಣ್ಣು ಮನೆ ಕಾಯುವುದಿಲ್ಲ ಅನ್ನುವ ಮಾತಿಗೆ ಆಧಾರವಿಲ್ಲ. ನಿಮ್ಮ ತಮ್ಮನ ಹೊಲ ಕಾಯುತ್ತಿರುವುದು ಆ ಮರಿಗಳ ತಾಯಿಯೇ ಅಲ್ವಾ?

ಮಗಳಿಗೆ ಎರಡು ಮಾತು ಮಾತ್ರ ಹೇಳಿಕೊಡಿ. ಉಣ್ಣುತ್ತಿರುವ, ಮಲಗಿರುವ ನಾಯಿಯನ್ನು ಮುಟ್ಟಬಾರದು. ನಾಯಿ ಮುಖ ತಿರುಗಿಸಿಕೊಂಡರೆ ಅಪ್ಪುಗೆ ಬಿಟ್ಟುಬಿಡಬೇಕು. ಇನ್ನೊಂದು ವಿಷಯಕ್ಕೆ ನೀವು ಮೊದಲೇ ಸಿದ್ಧವಾಗಿರಿ. ಮರಿ ನೆಂಟರ ಕಾಲನ್ನೋ ಮಗಳ ಬೊಂಬೆಯನ್ನೋ ಏರಿ ಸೊಂಟ ಆಡಿಸುವುದು ಇರುತ್ತದೆ. ಮನೆಯವರು ಮುಜುಗರಪಟ್ಟು ಹೊಡೆಯುತ್ತಾರೆ. ಮೂರು ತಿಂಗಳ ಮರಿಗಳೂ, ಹೆಣ್ಣು ಮರಿಗಳೂ ಇದನ್ನು ಮಾಡುತ್ತವೆ. ಆಟದ ಹುರುಪು ಹೆಚ್ಚಾದಾಗ ಬರುವ ನಡವಳಿಕೆ ಅದು. ಮಾತಿಲ್ಲದೆ ಎತ್ತಿ ಬೇರೆ ಕಡೆ ಬಿಡಿ, ಕೈಗೊಂದು ಆಟಿಕೆ ತೆಗೆದುಕೊಂಡು ಗಮನ ಬೇರೆ ಕಡೆ ಸೆಳೆಯಿರಿ. ಅಷ್ಟೇ ಸಾಕು.

ಆಪರೇಷನ್ ವಿಷಯದಲ್ಲಿ ನೀವು ಕೇಳಿದ ಎರಡು ಮಾತೂ ಸರಿಯಲ್ಲ. ಕ್ರಾಸಿಂಗ್ ಮಾಡಿಸದಿದ್ದರೆ ಹುಚ್ಚು ಹಿಡಿಯುವುದಿಲ್ಲ. ಹುಚ್ಚು ಅಂದರೆ ರೇಬೀಸ್, ಅದು ವೈರಸ್. ಹುಚ್ಚು ಹಿಡಿದ ಪ್ರಾಣಿ ಕಚ್ಚಿದಾಗ ಜೊಲ್ಲಿನಿಂದ ಬರುತ್ತದೆ. ಜೀವನದಲ್ಲಿ ಒಮ್ಮೆಯೂ ಕೂಡದ ಗಂಡು ನಾಯಿ ಪೂರ್ತಿ ಆರೋಗ್ಯವಾಗಿ ಬಾಳುತ್ತದೆ. ನಿಜ ಹೇಳಬೇಕೆಂದರೆ ಒಮ್ಮೆ ಕೂಡಿಸಿದ ಮೇಲೆ ಹುಡುಕಾಟ ಜಾಸ್ತಿಯಾಗುವುದೇ ಹೆಚ್ಚು.

ಆಪರೇಷನ್ ಮಾಡಿಸಿದರೆ ಮಂಕಾಗುತ್ತದೆ ಅನ್ನುವುದೂ ತಪ್ಪು. ಬೀಜ ತೆಗೆದರೆ ಟೆಸ್ಟೋಸ್ಟಿರಾನ್ ಎಂಬ ಹಾರ್ಮೋನ್ ಕಡಿಮೆಯಾಗುತ್ತದೆ. ಆ ಹಾರ್ಮೋನಿಗೆ ಸಂಬಂಧಿಸಿದ ನಡವಳಿಕೆ ಮಾತ್ರ ಇಳಿಯುತ್ತದೆ. ಹೆಣ್ಣಿನ ಹಿಂದೆ ಓಡುವುದು ಬಹಳಷ್ಟು ನಾಯಿಗಳಲ್ಲಿ ನಿಂತೇ ಹೋಗುತ್ತದೆ. ಮನೆಯೊಳಗೆ ಗುರುತು ಹಾಕುವುದು, ಗಂಡು ನಾಯಿಗಳ ಜೊತೆ ಜಗಳ ಕಡಿಮೆಯಾಗುತ್ತದೆ, ಆದರೆ ಎಲ್ಲದರಲ್ಲೂ ಪೂರ್ತಿ ಹೋಗುವುದಿಲ್ಲ. ವರ್ಷಗಟ್ಟಲೆ ರೂಢಿಯಾದದ್ದು ಆಪರೇಷನ್ ಆದ ಮೇಲೂ ಉಳಿಯಬಹುದು. ಬೊಗಳುವುದು, ಮನೆ ಕಾಯುವುದು, ನಿಮ್ಮನ್ನು ಕಂಡರೆ ಕುಣಿಯುವುದು, ಇವು ಯಾವುವೂ ಬೀಜದಲ್ಲಿ ಇಲ್ಲ. ಮಂಕಾಗಿದೆ ಎಂದು ಕರೆತರುವ ನಾಯಿಗಳನ್ನು ತೂಕದ ಮೇಲೆ ನಿಲ್ಲಿಸಿದರೆ ಕಾರಣ ತಿಳಿಯುತ್ತದೆ. ಆಪರೇಷನ್ ಆದ ಮೇಲೆ ಮೈಗೆ ಬೇಕಾಗುವ ಆಹಾರ ಕಡಿಮೆ, ಹಸಿವು ಮಾತ್ರ ಜಾಸ್ತಿ. ಮೊದಲಿನಷ್ಟೇ ಅನ್ನ ಹಾಕಿದರೆ ಆರು ತಿಂಗಳಲ್ಲಿ ಪಕ್ಕೆಲುಬು ಕೈಗೆ ಸಿಗದಂತೆ ಬೊಜ್ಜು ಬರುತ್ತದೆ. ತಟ್ಟೆಯಲ್ಲಿ ಕಾಲು ಭಾಗದಷ್ಟು ಕಡಿಮೆ ಮಾಡಿ, ನಡಿಗೆ ಬಿಡಬೇಡಿ.

ಆಪರೇಷನ್ನಿನಲ್ಲಿ ಅಪಾಯವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಪೂರ್ತಿ ಅರಿವಳಿಕೆ ಕೊಡಬೇಕು, ಅದಕ್ಕೆ ಅದರದೇ ಅಪಾಯ ಇದೆ. ಉಣ್ಣೆ (ಮೈಗೆ ಅಂಟಿ ರಕ್ತ ಹೀರುವ ಹುಳ) ಕಚ್ಚಿ ಜ್ವರ ಬಂದು ರಕ್ತ ಕಡಿಮೆ ಇರುವ ನಾಯಿಗೆ ಅದು ಇನ್ನೂ ಹೆಚ್ಚು. ನಮ್ಮ ಬಯಲುಸೀಮೆಯಲ್ಲಿ ಉಣ್ಣೆ ಕಾಟ ಜಾಸ್ತಿ ಇರುವುದರಿಂದ ಮೊದಲು ಒಂದು ರಕ್ತ ಪರೀಕ್ಷೆ ಮಾಡಿಸಿ ಎಂದು ಕೇಳಿ ಪಡೆಯಿರಿ. ಲ್ಯಾಬ್, ಜರ್ಮನ್ ಶೆಫರ್ಡ್‌ನಂಥ ದೊಡ್ಡ ತಳಿಗಳಲ್ಲಿ ಬೆಳವಣಿಗೆ ಮುಗಿಯುವ ಮೊದಲೇ ಬೀಜ ತೆಗೆದರೆ ಮಂಡಿ, ಸೊಂಟದ ಕೀಲಿನ ತೊಂದರೆ ಹೆಚ್ಚುತ್ತದೆ. ಅವಕ್ಕೆ ಒಂದು ವರ್ಷವಾದರೂ ಕಳೆಯಲಿ, ಒಂದೂವರೆ ಆದರೆ ಇನ್ನೂ ಒಳ್ಳೆಯದು. ಇನ್ನೊಂದು ಮುಖ್ಯ ಮಾತು. ಹೆದರಿ ಗುರುಗುಟ್ಟುವ, ಹೆದರಿ ಕಚ್ಚುವ ನಾಯಿಗೆ ಆಪರೇಷನ್ ಮದ್ದಲ್ಲ, ಕೆಲವದರಲ್ಲಿ ಅಂಜಿಕೆ ಇನ್ನಷ್ಟು ಹೆಚ್ಚುವುದೂ ಉಂಟು. ಅಂಥ ನಾಯಿಗೆ ಮೊದಲು ಅಂಜಿಕೆ ಬಿಡಿಸುವ ಕೆಲಸ ಆಗಬೇಕು.

ಮಾಡಿಸದೇ ಇರುವುದಕ್ಕೂ ಬೆಲೆ ಇದೆ, ಅದು ವಯಸ್ಸಾದ ಮೇಲೆ ಬರುತ್ತದೆ. ಆಪರೇಷನ್ ಆಗದ ಗಂಡು ನಾಯಿಗಳಲ್ಲಿ ಪ್ರಾಸ್ಟೇಟ್ ಗ್ರಂಥಿ ಊದಿಕೊಳ್ಳುವುದು ಬಹಳ ಸಾಮಾನ್ಯ. ಕಕ್ಕ ಮಾಡಲು ತಿಣುಕುತ್ತದೆ, ಉಚ್ಚೆಯಲ್ಲಿ ರಕ್ತ ಬರುತ್ತದೆ. ಬೀಜದ ಗೆಡ್ಡೆ, ಗುದದ ಸುತ್ತ ಗಂಟು, ಅದರ ಪಕ್ಕದಲ್ಲಿ ಹರ್ನಿಯಾ ಇವೂ ಹೆಚ್ಚು. ಗೇಟು ಭದ್ರವಾಗಿದ್ದು, ವರ್ಷಕ್ಕೊಮ್ಮೆ ತೋರಿಸುತ್ತೇವೆ ಅನ್ನುವವರು ಮಾಡಿಸದೆಯೂ ಸಾಕಬಹುದು, ಅದೂ ಒಂದು ದಾರಿಯೇ. ನಿಮ್ಮ ಮನೆಗೆ ಮಾಡಿಸುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಮಗಳು ಶಾಲೆಯಿಂದ ಬಂದು ಗೇಟು ತೆಗೆಯುವ ಒಂದು ಕ್ಷಣ ಸಾಕು, ನಾಯಿ ಹೊರಗೆ ಹೋಗಲು.

ಹೆಣ್ಣಿನ ಬಗ್ಗೆ ಸ್ವಲ್ಪ ಹೇಳದಿದ್ದರೆ ಅನ್ಯಾಯವಾಗುತ್ತದೆ. ಹೆಣ್ಣು ಸಾಮಾನ್ಯವಾಗಿ ಆರೇಳು ತಿಂಗಳಿಗೊಮ್ಮೆ ಬೆದೆಗೆ ಬರುತ್ತದೆ, ಸುಮಾರು ಮೂರು ವಾರ ಇರುತ್ತದೆ. ಆಪರೇಷನ್ ಮಾಡಿಸಿದರೆ ಬೆದೆಯೂ ಇಲ್ಲ, ಮರಿಯೂ ಇಲ್ಲ, ಗೇಟಿನ ಮುಂದೆ ಗುಂಪೂ ಇಲ್ಲ. ಅಂದರೆ ನಿಮ್ಮ ಮನೆಯವರ ಎರಡೂ ತಕರಾರು ಅಲ್ಲಿಗೇ ಮುಗಿಯುತ್ತವೆ. ಹೊಟ್ಟೆ ಕೊಯ್ದು ಮಾಡುವ ಆಪರೇಷನ್ ಆದ್ದರಿಂದ ಗಂಡಿಗಿಂತ ದೊಡ್ಡದು, ಖರ್ಚೂ ಹೆಚ್ಚು. ಆದರೆ ಗರ್ಭಕೋಶದಲ್ಲಿ ಕೀವು ತುಂಬುವ ಪ್ರಾಣಾಪಾಯದ ಕಾಯಿಲೆಯಿಂದ ಅದು ಕಾಪಾಡುತ್ತದೆ. ಮೆಡಿಕಲ್ ಶಾಪಿನಲ್ಲಿ ಕೇಳಿ ಬೆದೆ ತಡೆಯುವ ಇಂಜೆಕ್ಷನ್ ಹಾಕಿಸುವವರಿದ್ದಾರೆ, ಅದನ್ನು ಯಾವ ಕಾರಣಕ್ಕೂ ಮಾಡಬೇಡಿ, ಅದೇ ಕೀವಿಗೆ ದಾರಿಯಾಗುತ್ತದೆ. ಎಲ್ಲ ಕಡೆ ಗಂಡು ಮರಿಗಳನ್ನು ಕೇಳಿ ಒಯ್ಯುತ್ತಾರೆ, ಹೆಣ್ಣು ಮರಿಗಳು ಉಳಿದು ಕೊನೆಗೆ ಚೀಲದಲ್ಲಿ ಯಾವುದೋ ರಸ್ತೆ ಬದಿಗೆ ಹೋಗುತ್ತವೆ. ನನಗೆ ಇದು ಬಹಳ ನೋವಿನ ವಿಷಯ. ಆ ಐದರಲ್ಲಿ ಹೆಣ್ಣು ಮರಿಯೊಂದು ನಿಮ್ಮ ಮಗಳ ಮಡಿಲಲ್ಲಿ ಬಂದು ಕುಳಿತರೆ ಗಂಡಲ್ಲ ಎಂದು ಕೆಳಗಿಳಿಸಬೇಡಿ.

ಇನ್ನು ಯಾವ ಮರಿ? ಲ್ಯಾಬ್ ಮರಿ ಬೇಡ ಎನ್ನುತ್ತೇನೆ. ತಳಿಯ ಮೇಲೆ ನನಗೇನೂ ಮುನಿಸಿಲ್ಲ, ಮಕ್ಕಳ ಜೊತೆ ಅಷ್ಟು ಚೆನ್ನಾಗಿ ಹೊಂದುವ ನಾಯಿ ಕಡಿಮೆ. ಆದರೆ 35 ದಿನದ ಮರಿಯನ್ನು ಈ ವಾರವೇ ಒಯ್ಯಿರಿ ಎನ್ನುವವರ ಹತ್ತಿರ ಮರಿ ತೆಗೆದುಕೊಳ್ಳಬಾರದು. ನಾಯಿ ತಳಿ ಬೆಳೆಸಿ ಮಾರುವವರಿಗೆ ಕೇಂದ್ರ ಸರ್ಕಾರ 2017ರಲ್ಲಿ ನಿಯಮ ಮಾಡಿದೆ. 8 ವಾರ ತುಂಬದ ಮರಿ ಮಾರುವಂತಿಲ್ಲ. ಈ ನಿಯಮಕ್ಕೆ ಕಾರಣ ಇದೆ. ಐದನೇ ವಾರದಿಂದ ಎಂಟನೇ ವಾರದವರೆಗೆ ಮರಿಗಳು ಒಂದನ್ನೊಂದು ಕಚ್ಚಿ ಆಡುತ್ತವೆ. ಜೋರಾಗಿ ಕಚ್ಚಿದರೆ ಇನ್ನೊಂದು ಕಿರುಚಿ ಆಟ ಬಿಡುತ್ತದೆ, ತಾಯಿ ಗದರುತ್ತದೆ. ಹಲ್ಲನ್ನು ಎಷ್ಟು ಒತ್ತಬಹುದು ಎನ್ನುವುದನ್ನು ಮರಿ ಕಲಿಯುವುದು ಅಲ್ಲೇ. ಆ ಮೂರು ವಾರ ತಪ್ಪಿಸಿ ತಂದ ಮರಿ ನಿಮ್ಮ ಮಗಳ ಕೈಮೇಲೆ ಆ ಪಾಠ ಕಲಿಯುತ್ತದೆ. ಜೊತೆಗೆ ಲ್ಯಾಬ್‌ಗೆ ದಟ್ಟ ಕೂದಲು, ನಮ್ಮ ಏಪ್ರಿಲ್-ಮೇ ಬಿಸಿಲು ಅದಕ್ಕೆ ಕಷ್ಟ. ಸೊಂಟದ ಕೀಲಿನ ತೊಂದರೆ ತಳಿಯಲ್ಲೇ ಇದೆ, ತಂದೆ ತಾಯಿಯ ಎಕ್ಸ್‌ರೇ ತೋರಿಸಿ ಮಾರುವವರು ವಿರಳ.

ತಮ್ಮನ ಹೊಲದ ಮರಿಗಳೇ ನಿಮಗೆ ಸರಿ. ಗಿಡ್ಡ ಕೂದಲು, ನಮ್ಮ ಬಿಸಿಲಿಗೆ ಒಗ್ಗಿದ ಮೈ, ಮಿತವಾದ ಊಟ. ನಾಟಿ ನಾಯಿಗೆ ಲಸಿಕೆ ಬೇಡ ಎನ್ನುವ ಮಾತು ಮಾತ್ರ ನಂಬಬೇಡಿ, ಪಾರ್ವೊ ಎಂಬ ವಾಂತಿ-ಭೇದಿಯ ಕಾಯಿಲೆ ಬಂದರೆ ಅದೂ ಎರಡೇ ದಿನದಲ್ಲಿ ಸಾಯಬಹುದು. ಇಪ್ಪತ್ತು ಉಗುರಿನ ವಿಷಯಕ್ಕೆ ಬಂದರೆ, ನಾಯಿಗೆ ಸಾಮಾನ್ಯವಾಗಿ ಮುಂಗಾಲಿಗೆ ಐದೈದು, ಹಿಂಗಾಲಿಗೆ ನಾಲ್ಕು ನಾಲ್ಕು, ಒಟ್ಟು 18 ಉಗುರು. ಕೆಲವಕ್ಕೆ ಹಿಂಗಾಲಲ್ಲೂ ಮೇಲೊಂದು ಇದ್ದು 20 ಆಗುತ್ತದೆ. ಅದು ವಂಶದಲ್ಲಿ ಬರುವಂಥದ್ದು, ಧೈರ್ಯಕ್ಕೂ ಅದಕ್ಕೂ ಸಂಬಂಧವಿಲ್ಲ. ಆ ಉಗುರು ನೆಲಕ್ಕೆ ತಾಗುವುದಿಲ್ಲ, ಸವೆಯದೆ ಸುತ್ತಿಕೊಂಡು ಚರ್ಮಕ್ಕೆ ನಾಟುತ್ತದೆ. ತಿಂಗಳಿಗೊಮ್ಮೆ ಕತ್ತರಿಸುವ ಕೆಲಸ ಒಂದು ಹೆಚ್ಚು, ಅಷ್ಟೇ.

ಎಲ್ಲವನ್ನೂ ತಳ್ಳಿ ಮುಂದೆ ಬರುವ ಆ ದೊಡ್ಡ ಗಂಡು ಮರಿ ಹೊಲಕ್ಕೆ ಸರಿಹೋಗಬಹುದು. ಮೊದಲ ಸಲ ನಾಯಿ ಸಾಕುವ, ಮಗು ಇರುವ, ವಯಸ್ಸಾದವರು ಇರುವ ಮನೆಗೆ ನಡುವಿನ ಮರಿ ಒಳ್ಳೆಯದು. ತೀರಾ ಮುನ್ನುಗ್ಗುವುದೂ ಬೇಡ, ಮೂಲೆ ಸೇರಿ ನಡುಗುವುದೂ ಬೇಡ. ಒಂದು ಭಾನುವಾರ ಮಗಳನ್ನೂ ಸಾಧ್ಯವಾದರೆ ಅತ್ತೆಯವರನ್ನೂ ಕರೆದುಕೊಂಡು ಜಗಳೂರಿಗೆ ಹೋಗಿ. ಮೊದಲು ಮರಿಯ ತಾಯಿಯನ್ನು ನೋಡಿ. ನಿಮ್ಮ ತಮ್ಮ ಜೊತೆಗಿದ್ದಾಗ ನಿಮ್ಮನ್ನು ಹತ್ತಿರ ಬಿಟ್ಟುಕೊಳ್ಳುವ ತಾಯಿ ಒಳ್ಳೆಯ ಲಕ್ಷಣ. ಮರಿಗಳು ಉಂಡು, ಮಲಗಿ ಎದ್ದ ಮೇಲೆ ಒಂದೊಂದನ್ನೇ ಬೇರೆ ಕಡೆ ಒಯ್ದು ನೆಲದ ಮೇಲೆ ಕುಳಿತುಕೊಳ್ಳಿ, ಕರೆಯಬೇಡಿ. ತಾನಾಗಿ ಬಂದು ಮೂಸುತ್ತದಾ ನೋಡಿ. ಸ್ವಲ್ಪ ದೂರದಲ್ಲಿ ಒಂದು ಸ್ಟೀಲ್ ತಟ್ಟೆ ಬೀಳಿಸಿ. ಬೆಚ್ಚಿ ಬೀಳುವುದು ತಪ್ಪಲ್ಲ, ಬೆಚ್ಚಿದ ಮೇಲೆ ಏನು ಮಾಡುತ್ತದೆ ಎನ್ನುವುದು ಮುಖ್ಯ. ಅರ್ಧ ನಿಮಿಷದಲ್ಲಿ ಸುಧಾರಿಸಿಕೊಂಡು ತಟ್ಟೆಯನ್ನು ಮೂಸಲು ಬರುವ ಮರಿ ಪೇಟೆಯ ಗದ್ದಲಕ್ಕೆ ಹೊಂದಿಕೊಳ್ಳುತ್ತದೆ. ಮಡಿಲಲ್ಲಿ ಅಂಗಾತ ಮಲಗಿಸಿ ಎದೆಯ ಮೇಲೆ ಮೆಲ್ಲಗೆ ಕೈ ಇಡಿ. ಸ್ವಲ್ಪ ಕೊಸರಾಡಿ ಆಮೇಲೆ ಸುಮ್ಮನಾದರೆ ಒಳ್ಳೆಯದು. ಇದರಿಂದ ನಾಯಿಯ ಇಡೀ ಭವಿಷ್ಯ ತಿಳಿಯುವುದಿಲ್ಲ, ಆದರೆ ಕಣ್ಣು ಮುಚ್ಚಿ ಆರಿಸುವುದಕ್ಕಿಂತ ಎಷ್ಟೋ ಮೇಲು.

ಗಂಡು ಮರಿಯಾದರೆ ಇನ್ನೊಂದನ್ನು ತಪ್ಪದೆ ನೋಡಬೇಕು. ಹಿಂಗಾಲ ನಡುವಿನ ಚೀಲದಲ್ಲಿ ಎರಡು ಬೀಜಗಳೂ ಕೈಗೆ ಸಿಗುತ್ತವಾ ಅಂತ. ಎರಡು ತಿಂಗಳ ಹೊತ್ತಿಗೆ ಕಡಲೆಕಾಳಿನಷ್ಟು ಗಾತ್ರದಲ್ಲಿ ಎರಡೂ ಸಿಗಬೇಕು. ಒಂದೇ ಸಿಕ್ಕರೆ ಮರಿ ಬೇಡ ಎಂದು ಬಿಡಬೇಕಿಲ್ಲ, ಆದರೆ ಆರು ತಿಂಗಳಾದರೂ ಇಳಿಯದಿದ್ದರೆ ಅದು ಹೊಟ್ಟೆಯಲ್ಲೋ ತೊಡೆಸಂದಿಯಲ್ಲೋ ಉಳಿದಿದೆ ಎಂದರ್ಥ. ಹಾಗೆ ಒಳಗುಳಿದ ಬೀಜಕ್ಕೆ ಮುಂದೆ ಗೆಡ್ಡೆ ಬರುವ ಸಂಭವ ಬಹಳ ಹೆಚ್ಚು, ಅದನ್ನು ಆಪರೇಷನ್ ಮಾಡಿ ತೆಗೆಸಲೇಬೇಕು. ಉಳಿದಂತೆ ಹೊಕ್ಕುಳಲ್ಲಿ ಉಬ್ಬು, ಬಿಳಿಚಿದ ವಸಡು, ಡೊಳ್ಳು ಹೊಟ್ಟೆ, ಕಿವಿಯೊಳಗೆ ಉಣ್ಣೆ ಇವನ್ನು ನೋಡಿಕೊಳ್ಳಿ. ಹೊಲದ ಮರಿಗಳಲ್ಲಿ ಜಂತು ಇದ್ದೇ ಇರುತ್ತದೆ. ಈಗಲೇ ತಮ್ಮನಿಗೆ ಹೇಳಿ ಎರಡು ವಾರಕ್ಕೊಮ್ಮೆ ಜಂತಿನ ಔಷಧ ಹಾಕಿಸಿ, ತೂಕ ನೋಡಿ ಡೋಸ್ ಕೊಡಬೇಕು. ತಾಯಿಗೂ ರೇಬೀಸ್ ಲಸಿಕೆ ಹಾಕಿಸಲು ಹೇಳಿ.

8 ವಾರ ತುಂಬಿದ ಮೇಲೆ ಮರಿ ತನ್ನಿ. ಆಗಲೇ ಪಾರ್ವೊ, ಡಿಸ್ಟೆಂಪರ್ ಸೇರಿದ ಮೊದಲ ಲಸಿಕೆ, ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆಯಂತೆ 16 ವಾರದವರೆಗೆ. ರೇಬೀಸ್ ಲಸಿಕೆ ಮೂರು ತಿಂಗಳಿಗೆ, ಒಂದು ತಿಂಗಳು ಬಿಟ್ಟು ಇನ್ನೊಂದು, ನಂತರ ವರ್ಷಕ್ಕೊಂದು. ಲಸಿಕೆ ಮುಗಿಯುವವರೆಗೆ ಬೀದಿಯ ನೆಲಕ್ಕೆ ಬಿಡಬೇಡಿ, ಆದರೆ ಮನೆಯೊಳಗೇ ಬಚ್ಚಿಡಲೂ ಬೇಡಿ. ಎತ್ತಿಕೊಂಡು ಹೋಗಿ ಆಟೊ, ಗಾಡಿ, ಕೊಡೆ ಹಿಡಿದವರು, ಹೆಲ್ಮೆಟ್ ಹಾಕಿದವರು, ಶಾಲೆ ಮಕ್ಕಳು ಎಲ್ಲವನ್ನೂ ತೋರಿಸಿ. ಸುಮಾರು ಮೂರೂವರೆ ತಿಂಗಳವರೆಗೆ ನೋಡಿ ಒಗ್ಗಿದ್ದಕ್ಕೆ ನಾಯಿ ದೊಡ್ಡದಾದ ಮೇಲೆ ಹೆದರುವುದು ಕಡಿಮೆ. ನಾಟಿ ನಾಯಿ ವರ್ಷ ತುಂಬುವಾಗ ಹೊಸಬರನ್ನು ದೂರ ಇಡುವ ಸ್ವಭಾವ ತೋರಿಸುತ್ತದೆ, ಹಾಗಾಗಿ ಅದಕ್ಕೆ ಇದು ಇನ್ನೂ ಮುಖ್ಯ. ಮಂಡಕ್ಕಿ-ಮಿರ್ಚಿ ತಿನ್ನುವಾಗ ಮಗಳು ಪ್ರೀತಿಯಿಂದ ಒಂದು ತುತ್ತು ಕೊಡಲು ನೋಡುತ್ತಾಳೆ, ಬೇಡ ಎನ್ನಿ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣಗಳನ್ನು ಒಡೆಯುತ್ತವೆ. ದ್ರಾಕ್ಷಿ, ಚಾಕೊಲೇಟ್ ಕೂಡ ಬೇಡ.

ಬೇಸಿಗೆಯಲ್ಲಿ ಕುಂದುವಾಡ ಕೆರೆ ಏರಿಗೆ ಹೋಗುವುದಾದರೆ ಬೆಳಗ್ಗೆ ಏಳರೊಳಗೆ ಮುಗಿಸಿ, ಸಂಜೆ ಹೊರಡುವಾಗ ಅಂಗೈ ಹಿಂಬದಿಯನ್ನು ಟಾರಿನ ಮೇಲೆ ಇಟ್ಟು ನೋಡಿ. ನಿಮಗೆ ತಡೆಯದಿದ್ದರೆ ಅದರ ಪಾದಕ್ಕೂ ತಡೆಯುವುದಿಲ್ಲ.

ಗಂಡು ಮರಿಯೇ ಆದರೆ, ನಾಟಿ ನಾಯಿ ಮಧ್ಯಮ ಗಾತ್ರದ್ದಾದ್ದರಿಂದ, 9 ತಿಂಗಳಿಂದ ಒಂದು ವರ್ಷದೊಳಗೆ ಆಪರೇಷನ್ ಮಾಡಿಸಬಹುದು. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಒಯ್ದರೆ ಸಾಮಾನ್ಯವಾಗಿ ಸಂಜೆಗೆ ಮನೆಗೆ. ಹೊಲಿಗೆ ನೆಕ್ಕದಂತೆ ಕುತ್ತಿಗೆಗೆ ಬಕೆಟ್ ಥರದ ಕಾಲರ್ ಹತ್ತು ದಿನ ಇರಲಿ, ಸ್ನಾನ ಬೇಡ. ಆದ ತಕ್ಷಣ ಎಲ್ಲ ಬದಲಾಗುವುದಿಲ್ಲ, ನಡವಳಿಕೆ ಇಳಿಯಲು ವಾರಗಳು, ಕೆಲವು ಸಲ ತಿಂಗಳುಗಳು ಹಿಡಿಯುತ್ತವೆ. ಮೊದಲ ಒಂದು ತಿಂಗಳು ಹೆಣ್ಣು ನಾಯಿಯ ಹತ್ತಿರ ಬಿಡಬಾರದು, ಆಗಲೂ ಗರ್ಭ ನಿಲ್ಲಬಹುದು. ಆಪರೇಷನ್ನಿಗೂ ಮೊದಲೇ, ಎಂಟೊಂಬತ್ತು ತಿಂಗಳಲ್ಲಿ, ಒಮ್ಮೆಗೇ ಮನೆಯೊಳಗೆ ಹೊಯ್ಯಲು ಶುರು ಮಾಡಿದರೆ ಹರೆಯ ಎಂದು ಸುಮ್ಮನಾಗಬೇಡಿ. ಮೊದಲು ಉಚ್ಚೆ ಪರೀಕ್ಷೆ ಮಾಡಿಸಿ. ಸೋಂಕು, ಕಲ್ಲು ಇದ್ದರೂ ಹೀಗೇ ಆಗುತ್ತದೆ. ಗಂಡು ನಾಯಿಯ ಮೂತ್ರನಾಳ ಕಿರಿದು. ಕಾಲೆತ್ತಿ ನಿಂತು ಹನಿಯೂ ಬರದೆ ತಿಣುಕುತ್ತಿದ್ದರೆ ಬೆಳಗಾಗುವವರೆಗೆ ಕಾಯದೆ ಆಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.